ಗಾಜಿನ ಮನೆಯ ಹೆಣ್ಣು ಕೊಡೆ

ನಮ್ಮ ಅತ್ತೆಯ ಫೋಟೋ ಸ್ಟುಡಿಯೋಗೆ ಜನ ಎರಡು ಕಾರಣಕ್ಕೆ ಬರುತ್ತಿದ್ದರು. ಮುಖ ಚೆನ್ನಾಗಿ ಬರಲಿ ಅಂತ ಕೆಲವರು, ಮಾನ ಉಳಿಯಲಿ ಅಂತ ಕೆಲವರು. ಮೊದಲನೆಯವರು ಬೆಂಚಿನ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದರು. ಎರಡನೆಯವರು ಬಾಗಿಲಲ್ಲಿ ನಿಂತು, ಬೀದಿಯ ಆ ಕಡೆ ಈ ಕಡೆ ನೋಡಿ, ಒಳಗೆ ಬೇರೆ ಗಿರಾಕಿಗಳಿಲ್ಲ ಅಂತ ಖಾತ್ರಿ ಮಾಡಿಕೊಂಡು ಬರುತ್ತಿದ್ದರು. ಈ ಎರಡನೆಯವರ ದೆಸೆಯಿಂದಲೇ ಊರಿನ ಹುಡುಗರು ಅವಳಿಗೆ ‘ಪತ್ತೆ ಅತ್ತೆ’ ಎಂದು ಹೆಸರಿಟ್ಟಿದ್ದರು.

ನಾನು ಅವಳ ಅಣ್ಣನ ಮಗಳು. ಬೇರೆ ಕೆಲಸ ಸಿಗುವ ತನಕ ಅಂತ ಅವಳ ಹತ್ತಿರ ಸೇರಿಕೊಂಡವಳು ಬೇರೆ ಕೆಲಸ ಹುಡುಕುವುದನ್ನೇ ಮರೆತೆ. ಗಾಜಿನ ನೆಗೆಟಿವ್‌ಗಳ ಮೇಲೆ ಸೀಸದ ಕಡ್ಡಿಯ ಮೊನೆ ಆಡಿಸಿ ಗಿರಾಕಿಗಳ ಮೊಡವೆ ಮರೆಮಾಡುವುದು ನನ್ನ ಪಾಲಿನ ಕೆಲಸ. ಅತ್ತೆ ಅದೇ ಮೊಡವೆಗಳನ್ನು ಭೂತಗನ್ನಡಿಯಲ್ಲಿ ನೋಡಿ ಗಿರಾಕಿಯ ಜಾತಕವನ್ನೇ ಹೇಳಿಬಿಡುತ್ತಿದ್ದಳು. ಈಗ ಅತ್ತೆಯೂ ಇಲ್ಲ, ಸ್ಟುಡಿಯೋವೂ ಇಲ್ಲ. ಅಲ್ಲೊಂದು ಚಪ್ಪಲಿ ಅಂಗಡಿ ಬಂದಿದೆ. ಆದರೂ ಆ ಬೀದಿಯಲ್ಲಿ ಹೋಗುವಾಗ ಕತ್ತಲೆ ಕೋಣೆಯ ಹುಳಿ ವಾಸನೆ ಎಲ್ಲಿಂದಲೋ ಮೂಗಿಗೆ ಬಂದಂತಾಗುತ್ತದೆ. ಹಾಗಾದಾಗಲೆಲ್ಲ ನನಗೆ ಕಾಯಿ ಮೇಷ್ಟ್ರು ನೆನಪಾಗುತ್ತಾರೆ.

ಕಾಯಿ ಮೇಷ್ಟ್ರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಅವರೆ, ಬಟಾಣಿ, ತೊಗರಿಗಳ ವಂಶವೆಂದರೆ ಅವರಿಗೆ ಪ್ರಾಣ. ಅದರಲ್ಲೂ ರತ್ನಗಂಧಿ ಎಂದರೆ ಮಗಳಷ್ಟು ಮುದ್ದು. ಕೆಂಪು ಹಳದಿ ಹೂವಿನ ಆ ಪೊದೆಯನ್ನು ಕಾಲೇಜಿನ ತೋಟದ ಸುತ್ತ ಬೇಲಿಯಂತೆ ಬೆಳೆಸಿದ್ದರು. ಅವರ ಕೋಟಿನ ಜೇಬು ಸದಾ ಒಣಗಿದ ಕಾಯಿಗಳಿಂದ ಉಬ್ಬಿರುತ್ತಿತ್ತು, ಹೆಸರು ಬಂದದ್ದು ಹಾಗೆ.

ಅಂದು ಮಧ್ಯಾಹ್ನ ಅವರು ಬಂದಾಗ ಬಾಗಿಲಲ್ಲಿ ನಿಂತು ಬೀದಿಯ ಎರಡೂ ಕಡೆ ನೋಡಿದರು. ಅತ್ತೆ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದಳು.

“ಕೂತ್ಕೊಳ್ಳಿ ಮೇಷ್ಟ್ರೇ. ಮುಖ ನೋಡಿದ್ರೆ ಫೋಟೋಗೆ ಬಂದ ಹಾಗಿಲ್ಲ.”

“ಇಲ್ಲ ತಾಯಿ. ನಿಮ್ಮಿಂದ ಒಂದು ಉಪಕಾರ ಆಗ್ಬೇಕು. ನನಗಲ್ಲ, ನಮ್ಮ ಮೇಡಂಗೆ.”

ಅವರು ಬೆಂಚಿನ ತುದಿಯಲ್ಲಿ ಕೂತು ಜೇಬಿನಿಂದ ಬೆಂಕಿಪೊಟ್ಟಣ ತೆಗೆದರು. ಬೀಡಿ ಸಿಗರೇಟು ಸೇದುವವರಲ್ಲ. ರತ್ನಗಂಧಿಯ ಒಂದು ಬೀಜವನ್ನು ಬೆರಳ ತುದಿಯಲ್ಲಿ ಹಿಡಿದು ಪೊಟ್ಟಣದ ಒರಟು ಮಗ್ಗುಲಿಗೆ ತಿಕ್ಕತೊಡಗಿದರು. ಮಾತಾಡುವಾಗ ಕೈಗೆ ಏನಾದರೂ ಕೆಲಸ ಬೇಕು ಎನ್ನುವ ಜನರ ಪೈಕಿ ಇವರೂ ಒಬ್ಬರು ಅಂದುಕೊಂಡೆ.

ಮೇಡಂ ಎಂದರೆ ಅವರ ಜೊತೆಗೇ ಕಾಲೇಜು ಸೇರಿ ಜೊತೆಗೇ ನಿವೃತ್ತರಾದ ಇನ್ನೊಬ್ಬ ಅಧ್ಯಾಪಕಿ. ವಿದ್ಯಾರ್ಥಿಗಳು ‘ಹಾವಸೆ ಮೇಡಂ’ ಎನ್ನುತ್ತಿದ್ದರು. “ಅದು ಹಾವಸೆ ಅಲ್ಲ, ಲಿವರ್‌ವರ್ಟ್” ಎಂದು ಅವರು ಪ್ರತಿ ವರ್ಷ ಹೊಸ ತರಗತಿಗೆ ಹೇಳುತ್ತಿದ್ದರು, ಪ್ರತಿ ವರ್ಷ ಹೊಸ ತರಗತಿ ಅವರನ್ನು ಹಾವಸೆ ಮೇಡಂ ಎಂದೇ ಕರೆಯುತ್ತಿತ್ತು. ತೇವದ ನೆಲಕ್ಕೆ ಅಂಟಿಕೊಂಡು, ಲಿವರ್‌ನ ತುಂಡುಗಳನ್ನು ಹಸಿರು ಬಣ್ಣ ಬಳಿದು ಹರಡಿದ ಹಾಗೆ ಬೆಳೆಯುವ ಗಿಡ ಅದು. ಬೇರಿಲ್ಲ, ಹೂವಿಲ್ಲ, ಬೀಜವಿಲ್ಲ.

ಮೇಡಂ ಕೆಲಸಕ್ಕೆ ಸೇರಿದ ವರ್ಷ ತಾಯಿಯ ಮನೆಯ ಬಾವಿಯ ಗೋಡೆಯಿಂದ ಅದರ ಒಂದೇ ಒಂದು ಚೂರು ಕೆತ್ತಿ ತಂದು ಕಾಲೇಜಿನ ಗಾಜಿನ ಮನೆಯಲ್ಲಿ ನೆಟ್ಟಿದ್ದರು. ಬಾವಿ ಆಮೇಲೆ ಮುಚ್ಚಿಹೋಯಿತು. ಚೂರು ಮಾತ್ರ ಒಂದು ತಲೆಮಾರಿನ ಕಾಲ ಬೆಳೆದು ಇಟ್ಟಿಗೆ ಕಟ್ಟೆಯ ಪಾತಿ ತುಂಬಿತು. ಈ ಜಾತಿಯಲ್ಲಿ ಗಂಡು ಗಿಡವೇ ಬೇರೆ, ಹೆಣ್ಣು ಗಿಡವೇ ಬೇರೆ. ಮಳೆಗಾಲದಲ್ಲಿ ಏಳುವ ಪುಟ್ಟ ಕೊಡೆಯಂಥ ಕುಡಿಗಳ ಆಕಾರದಿಂದಲೇ ಯಾವುದು ಯಾವುದೆಂದು ತಿಳಿಯುವುದು. ಮೇಡಂ ತಂದದ್ದು ಗಂಡು. ಅದು ಹೆಣ್ಣಿನ ಮುಖ ನೋಡದೆಯೇ ವರ್ಷ ವರ್ಷ ಹೇಗೆ ಹರಡಿತು, ಹೇಗೆ ಬದಲಾಯಿತು ಎಂಬುದೇ ಅವರ ಜೀವಮಾನದ ಅಧ್ಯಯನ. ಕಾಲೇಜು ಅದನ್ನು ಪುಸ್ತಕವಾಗಿ ಅಚ್ಚು ಮಾಡಿಸುವುದಿತ್ತು, ಗಾಜಿನ ಮನೆಗೆ ಅವರ ಹೆಸರಿಡುವುದಿತ್ತು.

“ಈಗ ಆ ಪಾತೀಲಿ ಹೆಣ್ಣು ಕೊಡೆ ಎದ್ದಿದೆ ತಾಯಿ,” ಎಂದರು ಮೇಷ್ಟ್ರು. “ಹೊಸದಾಗಿ ಬಂದಿರೋ ಲೆಕ್ಚರರ್ ಹುಡುಗಿ ನೋಡಿ ಪ್ರಿನ್ಸಿಪಾಲರಿಗೆ ಹೇಳಿದಾಳೆ. ಮೇಡಂ ಇಷ್ಟು ವರ್ಷ ಹೆಣ್ಣು ಕೊಡೆಗಳನ್ನ ಕಿತ್ತು ಮುಚ್ಚಿಟ್ರು, ಬರೆದಿದ್ದೆಲ್ಲ ಸುಳ್ಳು ಅಂತ ಮಾತು ಹಬ್ಬಿದೆ. ಬರೋ ವಾರ ವಿಚಾರಣೆ. ಪುಸ್ತಕವೂ ಹೋಗುತ್ತೆ, ಹೆಸರೂ ಹೋಗುತ್ತೆ.”

“ನೀವೇನಂತೀರಿ?”

“ಯಾರೋ ಪಾತಿ ಬದಲಾಯಿಸಿದಾರೆ. ಅಷ್ಟನ್ನ ನೀವು ಸಾಬೀತು ಮಾಡಿಕೊಡಿ, ಸಾಕು. ಯಾರು ಮಾಡಿದ್ರು ಅನ್ನೋದು ಬೇಡ. ಯಾರಾದ್ರೂ ಆಗಿರ್ಲಿ. ಮೇಡಂ ಸುಳ್ಳು ಹೇಳಿಲ್ಲ ಅಂತ ಆದ್ರೆ ಸಾಕು.”

ಬೀಜ ನುಣ್ಣಗೆ ಸವೆದಿತ್ತು. ಅದನ್ನು ಜೇಬಿಗೆ ಹಾಕಿಕೊಂಡು ಇನ್ನೊಂದನ್ನು ತೆಗೆದರು.

ಅವರು ಹೋದ ಮೇಲೆ ಅತ್ತೆ ಹಳೆಯ ನೆಗೆಟಿವ್‌ಗಳ ಮರದ ಪೆಟ್ಟಿಗೆಗಳನ್ನು ಅಟ್ಟದಿಂದ ಇಳಿಸಿದಳು. ಮೇಡಂ ಪ್ರತಿ ಮಳೆಗಾಲದ ಕೊನೆಗೆ ಅತ್ತೆಯಿಂದಲೇ ಪಾತಿಯ ಚಿತ್ರ ತೆಗೆಸುತ್ತಿದ್ದರು. ಗಾಜಿನ ಫಲಕಗಳನ್ನು ಒಂದೊಂದಾಗಿ ಕಿಟಕಿಗೆ ಹಿಡಿದು ನೋಡುತ್ತ ಸಂಜೆ ಕಳೆಯಿತು. ಎಲ್ಲದರಲ್ಲೂ ಅದೇ ಪಾತಿ, ಅದೇ ಮೂಲೆ ಮುರಿದ ಇಟ್ಟಿಗೆ. ಎಲೆಗಳ ನಡುವಿನಿಂದ ಸಣ್ಣ ಕಡ್ಡಿಗಳ ತುದಿಯಲ್ಲಿ ಬಿಲ್ಲೆಯಂತೆ ಚಪ್ಪಟೆಯಾದ ಪುಟ್ಟ ಕೊಡೆಗಳು ಎದ್ದಿದ್ದವು.

“ಎಲ್ಲ ಚಪ್ಪಟೆ,” ಎಂದೆ.

“ಗಂಡು,” ಎಂದಳು ಅತ್ತೆ. “ಹೆಣ್ಣು ಕೊಡೆಗೆ ಬೆರಳುಗಳಿರುತ್ತವಂತೆ. ನಾಳೆ ನೋಡ್ಕೊಂಡು ಬರೋಣ. ಈಗ ಆ ಎಲೆಗಳ ಅಂಚನ್ನ ಭೂತಗನ್ನಡೀಲಿ ಒಂದ್ಸಲ ನೋಡು. ಎಲ್ಲಾದ್ರೂ ಕಿತ್ತ ಗಾಯ, ಮುರಿದ ಕಡ್ಡಿ ಇದೆಯಾ?”

ಕಣ್ಣು ನೋಯುವ ತನಕ ನೋಡಿದೆ. ಎಲ್ಲೂ ಇರಲಿಲ್ಲ.

ಮರುದಿನ ಕಾಲೇಜಿಗೆ ಹೋದೆವು. ಗಾಜಿನ ಮನೆಯ ಬಾಗಿಲು ತೆಗೆದರೆ ಹಸಿ ಮಣ್ಣಿನ ವಾಸನೆ, ತಣ್ಣಗೆ ತೊಟ್ಟಿಕ್ಕುವ ನೀರು. ಮೇಡಂ ಪಾತಿಯ ಪಕ್ಕದ ಸ್ಟೂಲಿನ ಮೇಲೆ ಕೈ ಕಟ್ಟಿ ಕೂತಿದ್ದರು. ಬೇಸಿಗೆಯಲ್ಲಿ ಎರಡೂ ಕಣ್ಣಿಗೆ ಆಪರೇಷನ್ ಆಗಿ, ತಂಗಿಯ ಮನೆಯಲ್ಲಿದ್ದು, ಮಳೆ ಶುರುವಾಗುವ ಹೊತ್ತಿಗೆ ಹಿಂದಿರುಗಿದ್ದರು. ಹೊಸ ಕನ್ನಡಕದ ಹಿಂದೆ ಕಣ್ಣುಗಳು ದೊಡ್ಡದಾಗಿ, ಸ್ವಲ್ಪ ಗಾಬರಿಯಾದವರ ಹಾಗೆ ಕಾಣುತ್ತಿದ್ದವು.

“ನೋಡಿ,” ಎಂದು ಪಾತಿಯ ಕಡೆ ಬೆರಳು ತೋರಿಸಿದರು.

ಚಪ್ಪಟೆ ಬಿಲ್ಲೆಗಳು ಒಂದೂ ಇರಲಿಲ್ಲ. ಪ್ರತಿ ಕಡ್ಡಿಯ ತುದಿಯಲ್ಲಿ ಬೆರಳು ಬಿಡಿಸಿದ ಪುಟ್ಟ ಅಂಗೈಯಂಥ ಕೊಡೆ.

“ಮಾಲಿ, ಲೆಕ್ಚರರ್ ಎಲ್ಲ ಹೆಣ್ಣು ಅಂತಾರೆ. ನಂಗೂ ಹಾಗೇ ಕಾಣುತ್ತೆ,” ಎಂದರು ಮೇಡಂ. “ಮೇಷ್ಟ್ರ ರತ್ನಗಂಧಿ ನೋಡಿ, ಒಂದೇ ಹೂವಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಇಟ್ಕೊಂಡು ಸಂಸಾರ ಮಾಡುತ್ತೆ. ಕಾಯಿ ಕಟ್ಟುತ್ತೆ, ಬಿಸಿಲಿಗೆ ಚಟ್ ಅಂತ ಸಿಡಿದು ಬೀಜ ಎಸೆಯುತ್ತೆ. ನನ್ನದು ಹಾಗಲ್ಲ. ಎಲೆ ಮೇಲೆ ಬಟ್ಟಲು, ಬಟ್ಟಲ ತುಂಬ ಹಸಿರು ಚೂರು. ನೀರಿನ ಹನಿ ಬಿದ್ರೆ ಚೂರು ಸಿಡಿಯುತ್ತೆ, ಬಿದ್ದಲ್ಲಿ ಹೊಸ ಗಿಡ. ಅಪ್ಪ ಗಂಡಾದ್ರೆ ವಂಶವೆಲ್ಲ ಗಂಡೇ. ಇಲ್ಲಿ ಹೆಣ್ಣು ಬರೋ ಹಾಗೇ ಇಲ್ಲ.”

“ಊರಿಂದ ಬಂದಾಗ ಪಾತಿ ಬೇರೆ ಥರ ಕಾಣಲಿಲ್ವಾ ಮೇಡಂ?” ಎಂದಳು ಅತ್ತೆ.

“ಕಾಣಿಸ್ತು. ಆದ್ರೆ ಆಪರೇಷನ್ ಆದ ಮೇಲೆ ಗೋಡೆ, ಬೀದಿ, ನನ್ನ ಕೈ, ಎಲ್ಲ ಬೇರೆ ಥರಾನೇ ಕಾಣಿಸ್ತಿತ್ತು. ಕಣ್ಣು ಹೊಸದು ಅದಕ್ಕೇ ಅಂದ್ಕೊಂಡೆ.” ಅವರು ಧ್ವನಿ ತಗ್ಗಿಸಿದರು. “ಈಗ ಒಂದೊಂದ್ಸಲ ಅನ್ಸುತ್ತೆ, ಹಳೇ ಕಣ್ಣಿಗೆ ಪೊರೆ ಬಂದಿತ್ತಲ್ಲ, ಇಷ್ಟು ವರ್ಷ ಹೆಣ್ಣು ಇದ್ದಿದ್ದು ನನಗೇ ಕಾಣಲಿಲ್ವೇನೋ ಅಂತ.”

ಅತ್ತೆ ತಲೆಯೆತ್ತಿ ಚಾವಣಿ ನೋಡಿದಳು. ಬಿಸಿಲು ತಡೆಯಲು ಗಾಜಿಗೆಲ್ಲ ಸುಣ್ಣ ಹಾಕಿತ್ತು. ಬೇರೆ ಗಾಜುಗಳ ಮೇಲೆ ಸುಣ್ಣ ಹನಿ ಹನಿಯಾಗಿ, ಹಳತರ ಮೇಲೆ ಹೊಸತು ಕೂತು ದಪ್ಪಗಾಗಿತ್ತು. ಪಾತಿಯ ನೇರ ಮೇಲಿನ ಗಾಜುಗಳಲ್ಲಿ ಮಾತ್ರ ಒಂದೇ ಪದರ, ಎಡದಿಂದ ಬಲಕ್ಕೆ ನೇರ ಪಟ್ಟಿ ಪಟ್ಟಿಯಾಗಿತ್ತು.

“ಸುಣ್ಣ ಹಾಕೋದು ಯಾರು?” ಎಂದಳು.

“ನಾನೇ ಅಮ್ಮಾ,” ಎಂದ ಬಾಗಿಲ ಬಳಿ ನಿಂತಿದ್ದ ಮಾಲಿ. “ಬೇಸಿಗೆಗೆ ಮುಂಚೆ ಪೊರಕೆ ಅದ್ದಿ ಎರಚಿಬಿಡ್ತೀನಿ. ಈ ಸಲಾನೂ ಎರಚಿ, ಮಗಳ ಮದುವೆಗೆ ಊರಿಗೆ ಹೋದೆ. ಕೀಲಿ ಆಫೀಸಲ್ಲಿ ಕೊಟ್ಟಿದ್ದೆ. ಯಾರು ಬೇಕಾದ್ರೂ ತಗೋಬಹುದಿತ್ತು.”

ಲೆಕ್ಚರರ್ ಹುಡುಗಿಯೂ ಬಂದಳು. ಬೇಸಿಗೆಯಲ್ಲಿ ತನ್ನ ಕೆಲವು ಕುಂಡಗಳು ಗಾಜಿನ ಮನೆಯ ಆ ತುದಿಯಲ್ಲಿದ್ದವು, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದೆ, ಪಾತಿಯ ಕಡೆ ಬರುತ್ತಿರಲಿಲ್ಲ ಎಂದಳು. “ಮೇಡಂ ಮೇಲೆ ನನಗೆ ಹಗೆ ಇಲ್ಲ. ಕಂಡಿದ್ದನ್ನ ಹೇಳದೆ ಇದ್ರೆ ಇಂಥ ವಿಷಯ ಕಲಿತು ಏನು ಪ್ರಯೋಜನ?” ಎಂದಳು. ಕಣ್ಣಲ್ಲಿ ನೀರು ತುಂಬಿತ್ತು. ನನಗೆ ಅವಳ ಮೇಲೆ ಅನುಮಾನ ಬಂತು. ಕಣ್ಣೀರು ನೋಡಿದರೆ ನನಗೆ ಮೊದಲಿಂದಲೂ ಅನುಮಾನ.

ಅತ್ತೆ ಪಾತಿಯ ಪಕ್ಕ ಮಂಡಿಯೂರಿ ಕೂತಳು. ಮೂಲೆ ಮುರಿದ ಇಟ್ಟಿಗೆಯ ಒಳಮಗ್ಗುಲಲ್ಲಿ ಏನೋ ಕಂಡು ನನ್ನನ್ನು ಕರೆದಳು. ಅಂಗೈಯಗಲ ಜಾಗದಲ್ಲಿ ನಾಲ್ಕಾರು ಪುಟ್ಟ ಸಸಿಗಳು ಒತ್ತೊತ್ತಾಗಿ ಎದ್ದಿದ್ದವು. ಹುಣಸೆಯ ಎಲೆಯ ಹಾಗೆ ಸಣ್ಣ ಸಣ್ಣ ಎಲೆ.

“ಇದೇನು ಮೇಡಂ?”

“ರತ್ನಗಂಧಿ. ಬೇಲಿಯಿಂದ ಬೀಜ ಸಿಡಿದು ಬಂದಿರ್ಬೇಕು,” ಎಂದರು ಮೇಡಂ, ಅತ್ತ ಸರಿಯಾಗಿ ನೋಡದೆ.

ಹೊರಗೆ ಬರುವಾಗ ಮೇಷ್ಟ್ರ ಕೋಣೆಯ ಮುಂದೆ ಹಾದೆವು. ನಿವೃತ್ತರಾದರೂ ಕಾಲೇಜು ಅವರಿಗೆ ಒಂದು ಮೇಜು ಬಿಟ್ಟುಕೊಟ್ಟಿತ್ತು. ಅಗಲ ಕುಂಚದಲ್ಲಿ ದಪ್ಪ ಹಾಳೆಗೆ ಅಂಟು ಬಳಿಯುತ್ತಿದ್ದರು, ಎಡದಿಂದ ಬಲಕ್ಕೆ, ಪಟ್ಟಿ ಪಕ್ಕ ಪಟ್ಟಿ. ಮೇಲೆ ಒಣಗಿದ ಹೂಕೊಂಬೆಯೊಂದನ್ನು ಮೆಲ್ಲಗೆ ಒತ್ತಿದರು. ನಮ್ಮನ್ನು ಕಂಡು ಎದ್ದು ನಿಂತರು.

“ಏನಾದ್ರೂ ತಿಳೀತಾ ತಾಯಿ?”

“ಪಾತಿ ಬದಲಾಗಿದೆ ಮೇಷ್ಟ್ರೇ. ಅಷ್ಟು ಖಂಡಿತ.”

ಅವರು ಕುಂಚವನ್ನು ಮೇಜಿನ ಮೇಲಿಟ್ಟು ಕೂತರು. “ಸದ್ಯ. ಅಷ್ಟೇ ಹೇಳಿಬಿಡಿ. ಅದಕ್ಕಿಂತ ಜಾಸ್ತಿ ಬೇಡ.”

ಬೇಲಿಯ ಹತ್ತಿರ ಅತ್ತೆ ಒಣಗಿದ ಕಾಯಿಯೊಂದನ್ನು ಒಡೆದು ಬೀಜ ತೆಗೆದುಕೊಂಡಳು. ಸ್ಟುಡಿಯೋಗೆ ಬಂದು ಎರಡು ಗಾಜಿನ ಲೋಟಗಳಲ್ಲಿ ನೀರು ತುಂಬಿ, ಒಂದಕ್ಕೆ ಬೀಜಗಳನ್ನು ಹಾಗೆಯೇ ಹಾಕಿದಳು. ಉಳಿದವನ್ನು ನನ್ನ ಕೈಗೆ ಕೊಟ್ಟು, “ಬೆಂಕಿಪೊಟ್ಟಣಕ್ಕೆ ತಿಕ್ಕು,” ಎಂದಳು.

“ಅತ್ತೆ, ನಿಂಗೆ ಮೇಷ್ಟ್ರ ಹುಚ್ಚು ಅಂಟ್ಕೊಂಡಿತಾ?”

“ಮಾತು ಕಮ್ಮಿ ಮಾಡಿ ಕೈ ಆಡಿಸು ಕಣೇ.”

ತಿಕ್ಕಿ ಎರಡನೆಯ ಲೋಟಕ್ಕೆ ಹಾಕಿದೆ. ಎರಡು ದಿನ ಕಳೆದು ನೋಡಿದರೆ ಮೊದಲ ಲೋಟದ ಬೀಜಗಳು ಕಲ್ಲಿನ ಹಾಗೆ ತಳದಲ್ಲಿ ಬಿದ್ದಿದ್ದವು. ಎರಡನೆಯದರಲ್ಲಿದ್ದವು ನೀರು ಕುಡಿದು ಉಬ್ಬಿ, ಸಿಪ್ಪೆ ಬಿರಿದಿದ್ದವು. ಅತ್ತೆ ಲೋಟಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಪ್ರಕರಣ ಬಿಡಿಸಿದಾಗ ಅವಳ ಮುಖದಲ್ಲಿ ಬರುತ್ತಿದ್ದ ತುಂಟ ನಗು ಅಂದು ಬರಲಿಲ್ಲ.

“ವಿಚಾರಣೆಗೆ ಇನ್ನೂ ನಾಲ್ಕು ದಿನ ಇದೆ,” ಎಂದಳು. “ಅಷ್ಟರಲ್ಲಿ ಅವರಾಗೇ ಬಂದು ಹೇಳಿದ್ರೆ ಚೆನ್ನಾಗಿರುತ್ತೆ.”

ಯಾರು ಎಂದು ಕೇಳಿದೆ, ಹೇಳಲಿಲ್ಲ. ಯಾರೂ ಬರಲೂ ಇಲ್ಲ.

ವಿಚಾರಣೆ ಆಫೀಸಿನಲ್ಲಿ ಬೇಡ, ಗಾಜಿನ ಮನೆಯಲ್ಲೇ ಆಗಲಿ ಎಂದು ಅತ್ತೆ ಕೇಳಿಕೊಂಡಿದ್ದಳು. ಬೆಳಿಗ್ಗೆ ಪ್ರಿನ್ಸಿಪಾಲರು ಬೆವರು ಒರೆಸಿಕೊಳ್ಳುತ್ತ ಬಂದರು. ಮೇಡಂ ಅದೇ ಸ್ಟೂಲಿನ ಮೇಲಿದ್ದರು. ಲೆಕ್ಚರರ್ ಹುಡುಗಿ ಒಂದು ಕಡೆ, ಮಾಲಿ ಇನ್ನೊಂದು ಕಡೆ. ಮೇಷ್ಟ್ರು ಎಲ್ಲರಿಗಿಂತ ಹಿಂದೆ, ಬಾಗಿಲಿಗೆ ಒರಗಿ ನಿಂತಿದ್ದರು. ಅವರ ಕೈ ಜೇಬಿನೊಳಗೆ ಆಡುತ್ತಲೇ ಇತ್ತು. ನಾನು ಎರಡು ಲೋಟ ಮತ್ತು ಹಳೆಯ ಫೋಟೋಗಳ ಪ್ರತಿ ಹಿಡಿದು ಅತ್ತೆಯ ಪಕ್ಕ ನಿಂತೆ.

“ಮೊದಲು ಮೇಡಂ ವಿಷಯ,” ಎಂದು ಅತ್ತೆ ಶುರು ಮಾಡಿದಳು. “ಈ ಫೋಟೋಗಳು ನಾನು ತೆಗೆದದ್ದು. ಮೂಲೆ ಮುರಿದ ಇಟ್ಟಿಗೆ ನೋಡಿ, ಇದೇ ಪಾತಿ. ಪ್ರತಿ ವರ್ಷವೂ ಬರೀ ಚಪ್ಪಟೆ ಕೊಡೆ, ಬರೀ ಗಂಡು.”

“ಫೋಟೋಗೆ ಮುಂಚೆ ಹೆಣ್ಣು ಕೊಡೆಗಳನ್ನ ಕಿತ್ತು ಹಾಕಿರಬಹುದಲ್ಲ?” ಎಂದರು ಪ್ರಿನ್ಸಿಪಾಲರು.

“ಕಿತ್ರೆ ಎಲೆ ಅಂಚಲ್ಲಿ ಗಾಯ ಉಳಿಯುತ್ತೆ ಸಾರ್. ನನ್ನ ಸೊಸೆ ಕಣ್ಣು ನೋವು ಬರೋ ತನಕ ಹುಡುಕಿದಾಳೆ, ಒಂದೂ ಸಿಗಲಿಲ್ಲ. ಇನ್ನೊಂದು, ಮುಚ್ಚಿಡೋರು ಊರಿನ ಫೋಟೋದವಳನ್ನ ವರ್ಷ ವರ್ಷ ಕರೆಸ್ತಾರಾ? ಈಗ ಪಾತೀಲಿ ಒಂದೂ ಗಂಡಿಲ್ಲ, ಎಲ್ಲ ಹೆಣ್ಣು. ಅಂದ್ರೆ ಹಳೇದರ ನಡುವೆ ಹೊಸದು ಸೇರಿದ್ದಲ್ಲ, ಹಳೇದು ಪೂರ್ತಿ ಹೋಗಿ ಹೊಸದು ಬಂದಿದೆ. ಯಾವಾಗ? ಮೇಲೆ ನೋಡಿ.”

ಎಲ್ಲರೂ ತಲೆ ಎತ್ತಿದರು.

“ಮಾಲಿ ಪೊರಕೇಲಿ ಸುಣ್ಣ ಎರಚೋದು, ಹನಿ ಹನಿ ಬೀಳುತ್ತೆ. ಪಾತಿ ಮೇಲಿನ ಗಾಜಲ್ಲಿ ಹನಿಯೂ ಇಲ್ಲ, ಹಳೇ ಪದರವೂ ಇಲ್ಲ. ಯಾರೋ ಅದನ್ನ ಪೂರ್ತಿ ತೊಳೆದು, ಆಮೇಲೆ ಕುಂಚದಲ್ಲಿ ಮತ್ತೆ ಬಳಿದಿದಾರೆ. ಮಾಲಿ ಸುಣ್ಣ ಹಾಕಿ ಊರಿಗೆ ಹೋದ ಮೇಲೇ ಇದಾಗಿದ್ದು. ತೊಳೆದಾಗ ಬೇಸಿಗೆ ಬಿಸಿಲು ನೇರ ಪಾತಿ ಮೇಲೆ ಬಿತ್ತು. ನೆರಳಲ್ಲಿ ಬದುಕೋ ಗಿಡ, ಸುಟ್ಟುಹೋಯ್ತು. ಬಳಿದಿದ್ದು ಅದನ್ನ ಮುಚ್ಚಿಡೋಕೆ. ಹಾಳು ಮಾಡ್ಬೇಕು ಅಂತ ಬಂದೋರಿಗೆ ಗಾಜು ತೊಳೆಯೋ ಕಷ್ಟ ಯಾಕೆ, ಕೈಯಲ್ಲಿ ಕಿತ್ತು ಹಾಕಿದ್ರೆ ಆಯ್ತಲ್ಲ? ಇದು ದ್ವೇಷದ ಕೆಲಸ ಅಲ್ಲ. ಏನೋ ಒಳ್ಳೇದು ಮಾಡೋಕೆ ಹೋಗಿ ಕೆಟ್ಟಿದ್ದು.”

“ಹಾಗಾದ್ರೆ ಯಾರು?” ಎಂದರು ಪ್ರಿನ್ಸಿಪಾಲರು.

“ಮಾಲಿ ಆಗಿದ್ರೆ ಕುಂಚ ಹಿಡೀತಿರಲಿಲ್ಲ. ಈ ಲೆಕ್ಚರರ್ ಆಗಿದ್ರೆ, ಹೊಸ ಗಿಡ ಗಂಡಾ ಹೆಣ್ಣಾ ಅಂತ ಕಾದು ನೋಡಿ ತರ್ತಿದ್ಲು. ತಾನೇ ತಂದಿಟ್ಟು ಮೇಡಂ ಮೇಲೆ ಗೂಬೆ ಕೂರಿಸೋದಾದ್ರೆ ಗಾಜಿನ ತಂಟೆಗೇ ಹೋಗ್ತಿರಲಿಲ್ಲ. ಪಾತಿ ಬದಲಾಯಿಸಿದೋರಿಗೆ ಎರಡು ವಿಷಯ ತಲೆಗೇ ಬರಲಿಲ್ಲ. ಬಿಸಿಲು ಕಂಡ್ರೆ ಸಾಯೋ ಗಿಡ ಇರುತ್ತೆ ಅನ್ನೋದು ಒಂದು. ಗಿಡದಲ್ಲಿ ಗಂಡು ಬೇರೆ ಹೆಣ್ಣು ಬೇರೆ ಇರುತ್ತೆ ಅನ್ನೋದು ಇನ್ನೊಂದು. ಓದಿ ತಿಳಿದಿರಬಹುದು. ಆದ್ರೆ ಜೀವಮಾನವೆಲ್ಲ ಬಿಸಿಲಲ್ಲಿ ಅರಳೋ, ಒಂದೇ ಹೂವಲ್ಲಿ ಗಂಡು ಹೆಣ್ಣು ಎರಡೂ ಇರೋ ಗಿಡವನ್ನೇ ನೋಡ್ತಾ ಬಂದೋರ ಕೈ ಅಭ್ಯಾಸದ ಮಾತೇ ಕೇಳುತ್ತೆ.”

ನನ್ನ ಕೈಯಿಂದ ಲೋಟಗಳನ್ನು ತೆಗೆದುಕೊಂಡು ಅತ್ತೆ ಕಟ್ಟೆಯ ಮೇಲಿಟ್ಟಳು.

“ಕೊನೇದು ಇದು. ಪಾತಿ ಮೂಲೇಲಿ ರತ್ನಗಂಧಿ ಸಸಿ ಎದ್ದಿವೆ. ಬೇಲಿಯಿಂದ ಸಿಡಿದು ಬಂದ್ವು ಅನ್ನೋಣ ಅಂದ್ರೆ ನಡುವೆ ಗಾಜಿನ ಗೋಡೆ ಇದೆ. ಸಿಡಿದ ಬೀಜ ಅಷ್ಟು ಒತ್ತಾಗಿ ಬೀಳೋದೂ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಗಿಡದಿಂದ ಬಿದ್ದ ಬೀಜ ನೀರಲ್ಲಿಟ್ರೂ ಕಲ್ಲಿನ ಹಾಗೇ ಇರುತ್ತೆ, ಈ ಲೋಟ ನೋಡಿ. ಸಿಪ್ಪೆ ತಿಕ್ಕಿ ಸವೆಸಿದ್ರೆ ಮಾತ್ರ ಬೇಗ ಮೊಳೆಯುತ್ತೆ, ಈ ಲೋಟ ನೋಡಿ. ಪಾತಿ ಪಕ್ಕ ಮಂಡಿಯೂರಿ ಕೂತೋರ ಜೇಬಿಂದ ತಿಕ್ಕಿದ ಬೀಜ ಉದುರಿವೆ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅನ್ನುತ್ತಾರೆ. ಮೇಷ್ಟ್ರು ಮುಟ್ಟಿಕೊಂಡದ್ದು ಜೇಬನ್ನು. ಅತ್ತೆ ಅವರ ಕಡೆ ನೋಡಲೇ ಇಲ್ಲ, ಹೆಸರೂ ಹೇಳಲಿಲ್ಲ. ಅವರು ಹೇಳಲಿ ಎಂದು ಕಾದಳು.

“ಸಾಕು ತಾಯಿ,” ಎಂದರು ಅವರು. “ನಾನೇ.”

ಮೇಡಂ ತಿರುಗಿ ನೋಡಿದರು.

“ಕಣ್ಣು ಬಂದ ಮೇಲೆ ನೀವು ಮೊದಲ ಸಲ ಪಾತಿ ನೋಡೋವಾಗ ಚೆನ್ನಾಗಿ ಬೆಳಕಿರಲಿ ಅಂತ ಗಾಜು ತೊಳೆದೆ,” ಎಂದರು ಮೇಷ್ಟ್ರು. ಮಾತು ಮೇಡಂಗೆ, ಕಣ್ಣು ನೆಲಕ್ಕೆ. “ಆಮೇಲೆ ಜ್ವರ ಬಂದು ಮಲಗಿಬಿಟ್ಟೆ. ಎದ್ದು ಬಂದು ನೋಡಿದ್ರೆ ಎಲ್ಲ ಕಪ್ಪಗೆ ಮುರುಟಿ ಹೋಗಿತ್ತು. ನೀರು ಹಾಕಿದೆ, ಗೋಣಿ ಹೊದಿಸಿದೆ, ಬದುಕಲಿಲ್ಲ. ಊರಾಚೆ ಕಾಲುವೆ ಕಟ್ಟೆ ಮೇಲೆ ಇಂಥದ್ದೇ ಇತ್ತು. ಕೆತ್ತಿ ತಂದು ಕೂರಿಸಿದೆ. ಕೊಡೆ ಎದ್ದಿರಲಿಲ್ಲ, ನೋಡೋಕೆ ಎರಡೂ ಒಂದೇ. ಗಂಡು ಹೆಣ್ಣು ಅನ್ನೋ ಯೋಚನೆ ನನ್ನ ತಲೇಲಿ ಸುಳಿಯಲೇ ಇಲ್ಲ. ದಿನಾ ಹೇಳ್ಬೇಕು ಅಂತ ಬರ್ತಿದ್ದೆ. ನೀವು ಪಾತಿ ಎಷ್ಟು ಚೆನ್ನಾಗಿ ಕಾಣುತ್ತೆ ನೋಡಿ ಅಂತಿದ್ರಿ. ಬಾಯಿ ಬರಲಿಲ್ಲ. ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ.”

ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ.

“ಗಿಡ ಸತ್ತಿದ್ದನ್ನ ಹೊಟ್ಟೆಗೆ ಹಾಕ್ಕೊಂಡೇನು ಮೇಷ್ಟ್ರೇ,” ಎಂದರು. “ನನ್ನ ತಾಯಿ ಮನೇದು ಅಂತ ಉಳಿದಿದ್ದು ಅದೊಂದೇ ಆದ್ರೂ ಹಾಕ್ಕೊಂಡೇನು. ಆದ್ರೆ ಈ ಹೆಣ್ಣು ಕೊಡೆ ಎದ್ದ ದಿನದಿಂದ ನಾನು ನನ್ನ ಕಣ್ಣನ್ನೇ ನಂಬಲಿಲ್ಲ. ಜೀವನ ಪೂರ್ತಿ ನೋಡಿದ್ದು ಸುಳ್ಳೇನೋ ಅಂತ ನಿದ್ದೆ ಬಿಟ್ಟೆ. ನೀವು ದಿನಾ ಬಂದು ಪಕ್ಕದಲ್ಲಿ ಕೂತ್ಕೊಂಡು ಅದನ್ನ ನೋಡ್ತಿದ್ರಲ್ಲ.”

ಪ್ರಿನ್ಸಿಪಾಲರು ಗಂಟಲು ಸರಿಮಾಡಿಕೊಂಡು, ಪುಸ್ತಕ ಅಚ್ಚಿಗೆ ಹೋಗುತ್ತದೆ, ಮೇಡಂ ಮೇಲೆ ಇನ್ನು ಯಾರೂ ಮಾತಾಡುವಂತಿಲ್ಲ ಎಂದರು. ಲೆಕ್ಚರರ್ ಹುಡುಗಿ ಮೇಡಂ ಕೈ ಹಿಡಿದು ಅತ್ತಳು. ಮೊದಲ ಬಾರಿಗೆ ನನಗೆ ಅವಳ ಕಣ್ಣೀರಿನ ಮೇಲೆ ನಂಬಿಕೆ ಬಂತು.

“ಸುಟ್ಟ ಗಿಡ ಎಲ್ಲಿ ಹಾಕಿದ್ರಿ?” ಎಂದು ಮೇಡಂ ಇದ್ದಕ್ಕಿದ್ದಂತೆ ಕೇಳಿದರು.

“ಬೇಲಿ ಬುಡದಲ್ಲಿ. ನಲ್ಲಿ ಹತ್ತಿರ.”

ಮೇಡಂ ಎದ್ದು ಹೊರಟೇಬಿಟ್ಟರು. ನಾವೆಲ್ಲ ಹಿಂದೆ ಹೋದೆವು. ರತ್ನಗಂಧಿಯ ಕೊಂಬೆಗಳು ಅಲ್ಲಿ ನೆಲದ ತನಕ ಬಾಗಿದ್ದವು. ನಲ್ಲಿ ಸರಿಯಾಗಿ ಮುಚ್ಚಿಕೊಳ್ಳದೆ ಹನಿಯುತ್ತಿತ್ತು. ಮೇಷ್ಟ್ರು ಕೊಂಬೆ ಎತ್ತಿ ಹಿಡಿದರು, ಮೇಡಂ ಮಂಡಿಯೂರಿ ಕೂತು ಕಪ್ಪು ಪುಡಿಯನ್ನು ಬೆರಳಿಂದ ಸರಿಸುತ್ತ ಹೋದರು. ಕಲ್ಲಿನ ಸಂದಿಯಲ್ಲಿ ಉಗುರಗಲದ ಹಸಿರು ಕಂಡಿತು. ಹಳೆಯದರ ಬಟ್ಟಲಿನಿಂದ ಸಿಡಿದ ಚೂರೋ, ಎಲ್ಲಿಂದಲೋ ಬಂದ ಬೇರೆ ಗಿಡವೋ, ಕೊಡೆ ಏಳುವ ತನಕ ಹೇಳುವಂತಿರಲಿಲ್ಲ.

“ಕೊಂಬೆ ಬಿಡಿ ಮೇಷ್ಟ್ರೇ,” ಎಂದರು ಮೇಡಂ. “ಬಿಸಿಲು ಬೀಳ್ತಿದೆ.”

ಮುಂದಿನ ಮಳೆಗಾಲದ ತನಕ ಮೇಡಂ ಮೇಷ್ಟ್ರೊಂದಿಗೆ ಆಡಿದ್ದು ಆ ಗಿಡದ ಮಾತು ಮಾತ್ರ, ನೀರು ಹೆಚ್ಚಾಯಿತು, ಅದರ ಮೇಲೆ ಎಲೆ ಉದುರಿಸಬೇಡಿ, ಅಷ್ಟೇ. ಮೇಷ್ಟ್ರು ದಿನಾ ಹೋಗಿ ಬೇಲಿಯ ಬುಡದಲ್ಲಿ ಕೂತು ಬರುತ್ತಿದ್ದರು ಎಂದು ಮಾಲಿ ಹೇಳುತ್ತಿದ್ದ. ಪುಸ್ತಕವನ್ನು ಮೇಡಂ ಅಚ್ಚಿಗೆ ಕೊಡದೆ ಇಟ್ಟುಕೊಂಡಿದ್ದರು. ಕೊನೆಯ ಚಿತ್ರ ಬಾಕಿ ಇದೆ ಎನ್ನುತ್ತಿದ್ದರು.

ಮಳೆ ನಿಂತ ಒಂದು ಬೆಳಿಗ್ಗೆ ಕರೆ ಬಂತು. ಅತ್ತೆ ದೊಡ್ಡ ಕ್ಯಾಮೆರಾ ಹೊರಿಸಿಕೊಂಡು ಬೇಲಿಯ ಬುಡಕ್ಕೆ ಹೋದಳು. ಹಸಿರು ಅಂಗೈಯಗಲ ಹರಡಿ, ನಡುವೆ ಸಣ್ಣ ಕಡ್ಡಿಗಳು ಎದ್ದಿದ್ದವು. ತುದಿಯಲ್ಲಿ ಚಪ್ಪಟೆ ಬಿಲ್ಲೆ. ಗಂಡು. ಮೇಡಂ ಪಕ್ಕದಲ್ಲಿ ನಿಂತು ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಚಿತ್ರಕ್ಕಾಗಿ ಕೊಂಬೆ ಸರಿಸಿದ್ದರಿಂದ ಬಿಸಿಲು ಬೀಳುತ್ತಿತ್ತು, ಅದಕ್ಕೆ ಮೇಷ್ಟ್ರು ತಮ್ಮ ಕಪ್ಪು ಛತ್ರಿ ಬಿಡಿಸಿ ಗಿಡದ ಮೇಲೆ ಹಿಡಿದರು.

“ಮೇಷ್ಟ್ರೇ, ಛತ್ರಿ ತೆಗೀರಿ. ಬೆಳಕು ಸಾಲದು,” ಎಂದಳು ಅತ್ತೆ.

“ತೆಗೆಯಲ್ಲ ತಾಯಿ. ನಿಮ್ಮ ಕ್ಯಾಮೆರಾ ಬಾಯನ್ನೇ ಇನ್ನೂ ಸ್ವಲ್ಪ ಹೊತ್ತು ತೆರೆದಿಡಿ.”

ಹಾಗೆಯೇ ಮಾಡಿದಳು. ಕತ್ತಲೆ ಕೋಣೆಯಲ್ಲಿ ಚಿತ್ರ ತೇಲಿ ಬಂದಾಗ ಗಿಡ ಒಂದೊಂದು ಕೊಡೆಯನ್ನೂ ಎಣಿಸುವಷ್ಟು ಸ್ಪಷ್ಟವಾಗಿತ್ತು. ಮೇಲಿನ ಮೂಲೆಯಲ್ಲಿ ಮಾತ್ರ ಅಷ್ಟು ಹೊತ್ತು ಛತ್ರಿ ಹಿಡಿದು ನಡುಗಿದ ಮುದಿ ಕೈಯೊಂದು ಮಸುಕಾಗಿ ಬಂದಿತ್ತು.

ಪ್ರತಿ ತೆಗೆದುಕೊಳ್ಳಲು ಮೇಡಂ ಸ್ಟುಡಿಯೋಗೆ ಬಂದರು. ಕಿಟಕಿಯ ಬಳಿ ನಿಂತು ಹೊಸ ಕಣ್ಣಿಂದ ಬಹಳ ಹೊತ್ತು ನೋಡಿದರು.

“ಮೂಲೆ ಕತ್ತರಿಸಿಬಿಡಲಾ ಮೇಡಂ? ಅಲ್ಲಿ ಮೇಷ್ಟ್ರ ಕೈ ಬಂದಿದೆ,” ಎಂದೆ ನಾನು, ಕತ್ತರಿ ತೆಗೆಯುತ್ತ.

“ಬೇಡ ಮಗು. ಹಾಗೇ ಇರಲಿ, ಪುಸ್ತಕದಲ್ಲೂ ಹಾಗೇ ಬರಲಿ,” ಎಂದರು. ಚೀಲದಲ್ಲಿ ಜೋಪಾನವಾಗಿ ಇಟ್ಟುಕೊಂಡು ಬಾಗಿಲ ತನಕ ಹೋದವರು ಮತ್ತೆ ತಿರುಗಿ ಬಂದರು. “ಇನ್ನೊಂದು ಪ್ರತಿ ಮಾಡಿಕೊಡಿ.”

“ಯಾರಿಗೆ?” ಎಂದಳು ಅತ್ತೆ.

“ಆ ಕೈ ಯಾರದೋ ಅವರಿಗೆ. ನಾನೇ ಹೋಗಿ ಕೊಟ್ಟು ಬರ್ತೀನಿ.”